ಬಾಗಿಲ ಹಿಂದಿನ ಮೊಳೆ

ಶಾಲೆಯಿಂದ ಬಂದವಳೇ ಬರ್ಬಾರೆ
ಬೂಟು ಕಳಚುವ ಮೊದಲೇ ಅಡುಗೆಮನೆಗೆ ನುಗ್ಗಿ
ಎಣಿಸತೊಡಗಿದಳು.
ಎಣ್ಣೆಯ ಬಾಟಲಿ, ಉಪ್ಪಿನ ಡಬ್ಬಿ,
ಸಕ್ಕರೆಯ ಪೊಟ್ಟಣದೊಳಗೆ ಇನ್ನೊಂದು ಪೊಟ್ಟಣ,
ಐಸ್‌ಕ್ರೀಮ್ ಡಬ್ಬಿ ತೆರೆದರೆ ಒಳಗೆ ನೆನೆಸಿದ ಹುರುಳಿಕಾಯಿ ಬೀಜ:
‘ಇದು ಸುಳ್ಳು ಹೇಳುವ ಪ್ಲಾಸ್ಟಿಕ್ಕು,
ಎರಡು ಅಂತ ಬರೆದುಕೊಳ್ತೀನಿ.’
ಫ್ರಿಜ್ಜಿನ ಹಿಂದೆ, ಒಲೆಯ ಸಂದಿಯಲ್ಲಿ,
ಚೀಲಗಳನ್ನೆಲ್ಲ ತುರುಕಿಟ್ಟ ಒಂದು ಚೀಲದಲ್ಲಿ
ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ.

ನೂರ ಅರವತ್ತಮೂರು.
ಸೋಮವಾರದೊಳಗೆ ಅರ್ಧವಾಗಬೇಕಂತೆ. ಟೀಚರ್ ಹೇಳಿದ್ದಾರೆ.

ನಾನು ಔಷಧದಂಗಡಿಯ ರಾತ್ರಿಪಾಳಿ ಮುಗಿಸಿ
ಒರಗಿದ್ದೆನಷ್ಟೆ. ಎದ್ದು ನೋಡಿದರೆ
ಅಡುಗೆಮನೆ ಕ್ಷೌರ ಮಾಡಿಸಿಕೊಂಡ ಹುಡುಗನಂತೆ
ಬೋಳಾಗಿ, ಬೆಳ್ಳಗೆ, ನಾಚಿಕೊಂಡು ನಿಂತಿತ್ತು.
ಎಲ್ಲವನ್ನೂ ಎರಡು ದೊಡ್ಡ ಕರಿಚೀಲಗಳಲ್ಲಿ ಕಟ್ಟಿ
ಕೆಳಗಿನ ತೊಟ್ಟಿಗೆ ಹಾಕಿ ಬಂದಿದ್ದಳು ಮಗಳು.
ಆ ಎರಡು ಕರಿಚೀಲಗಳನ್ನು
ಅವಳು ಎಣಿಸಿರಲಿಲ್ಲ.

ಅತ್ತೆ ಸಂತೆಗೆ ಹೊರಟರು.
ಅವರ ಕೈ ತಾನಾಗಿಯೇ ಬಾಗಿಲ ಹಿಂದಿನ ಮೊಳೆಗೆ ಹೋಯಿತು
ನಲವತ್ತು ವರ್ಷ ಹೋದ ಹಾಗೆ.
ಬರಿಯ ಮೊಳೆ.

ತ್ಸಿಯಾಲಾ ಅತ್ತೆ ಕೂಗಾಡುವವರಲ್ಲ.
‘ಹಡಗೆಲ್ಲಿ?’ ಅಂದರು, ಅಷ್ಟೆ.
ಮಾವ ಬಟೂಮಿಯ ಬಂದರಿನಲ್ಲಿ ಕ್ಯೂ ನಿಂತು ತಂದ ಚೀಲ,
ಮೇಲೊಂದು ಹಡಗಿನ ಚಿತ್ರ.
ಆಗ ಅದನ್ನು ಹಿಡಿದವರು ಬೀದಿಯಲ್ಲಿ ನೆಟ್ಟಗೆ ನಡೆಯುತ್ತಿದ್ದರಂತೆ.
ಆ ಚೀಲದಲ್ಲಿ ನನ್ನ ಗಂಡನ ಮೊದಲ ಪುಸ್ತಕಗಳು ಹೋಗಿವೆ,
ದೀಪವಿಲ್ಲದ ಚಳಿಗಾಲಗಳಲ್ಲಿ ರೇಷನ್ ರೊಟ್ಟಿ ಬಂದಿದೆ,
ಮಾವನ ಬಟ್ಟೆ ಆಸ್ಪತ್ರೆಯಿಂದ
ಮಡಚಿ ಮನೆಗೆ ಬಂದದ್ದೂ ಅದರಲ್ಲೇ.

ಲಿಫ್ಟಿಗೆ ಹಾಕಲು ಚಿಲ್ಲರೆ ಇರಲಿಲ್ಲ.
ಐದು ಮಹಡಿ, ಮನೆಯ ಚಪ್ಪಲಿಯಲ್ಲೇ, ಇಳಿದರು.
ಹಿಂದೆ ಅಳು ತಡೆದುಕೊಂಡು ಬರ್ಬಾರೆ.
ಕಿಟಕಿಯಿಂದ ನನಗೆ ಕಂಡದ್ದು
ತೊಟ್ಟಿಯೊಳಗೆ ಸೊಂಟದವರೆಗೆ ಬಗ್ಗಿದ ಅತ್ತೆ,
ಅವರ ಪಾವಡೆಯ ತುದಿ ಹಿಡಿದು ನಿಂತ ಮಗಳು,
ಬಾವಿಗೆ ಇಳಿದವರ ಹಗ್ಗ ಹಿಡಿದ ಹಾಗೆ.

ಸಂಜೆ ಸೋಡಾಪುಡಿಯ ನೀರಿನಲ್ಲಿ
ಒಂದೊಂದನ್ನೂ ಒಳಹೊರಗು ಮಾಡಿ ತೊಳೆದರು.
ಎದುರು ಕಟ್ಟಡಕ್ಕೆ ಕಟ್ಟಿದ ರಾಟೆಯ ಹಗ್ಗದ ಮೇಲೆ
ಅಂಗಿ ಚಡ್ಡಿಗಳ ನಡುವೆ ಚೀಲಗಳು ಗಾಳಿ ತುಂಬಿಕೊಂಡವು.
ಮೂರನೇ ಮಹಡಿಯ ಗುಗುಲಿ ಕೂಗಿದ:
‘ತ್ಸಿಯಾಲಾ, ಇವತ್ತು ಯಾರ ಮದುವೆ?’
‘ನಿನ್ನದಲ್ಲ, ಒಳಗೆ ಹೋಗು.’

ರಾತ್ರಿ ಅತ್ತೆ ಮೊಮ್ಮಗಳಿಗೆ ಹೇಳುತ್ತಿದ್ದರು:
‘ಬಂದದ್ದನ್ನು ಅಟ್ಟಿದರೆ ಎಲ್ಲಿಗೆ ಹೋಗುತ್ತೆ?
ರಿಯೋನಿ ನದಿಗೆ. ಪ್ರವಾಹ ಇಳಿದ ಮೇಲೆ ನೋಡಿದೀಯಲ್ಲ,
ನೀರವಂಜಿಯ ಕೊಂಬೆಗೆಲ್ಲ ಬಿಳಿ ಚಿಂದಿ.
ಬಂದದ್ದು ದುಡಿಯಲಿ, ಸಾಯೋವರೆಗೆ ದುಡಿಯಲಿ.
ಹೊಸದಕ್ಕೆ ಮಾತ್ರ ಬಾಗಿಲು ತೆಗೀಬೇಡ.’
ನಾನು ಗೋಡೆಯ ಕಡೆ ತಿರುಗಿ ಮಲಗಿದೆ.
ಹೊಸದಕ್ಕೆ ದಿನಾ ಬಾಗಿಲು ತೆಗೆಯುವವಳು ನಾನೇ.
ದಣಿದ ಕೈಗೆ ಯಾರು ಏನು ಕೊಟ್ಟರೂ
ಬೇಡ ಅನ್ನಲು ಒಂದಿಷ್ಟು ತ್ರಾಣ ಬೇಕು.

ಸೋಮವಾರ ಮಗಳು ಅದೇ ಸಂಖ್ಯೆ ಬರೆದುಕೊಂಡು ಹೋದಳು.
ನೂರ ಅರವತ್ತಮೂರು, ಕೆಳಗೆ ಎರಡು ಗೆರೆ.
ಟೀಚರ್ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.

ಈಗ ಮೊಸರಿನವಳ ಕೂಗು ಕೇಳಿದರೆ
ಖಾಲಿ ಗಾಜಿನ ಜಾಡಿ ಹಿಡಿದು ಬರ್ಬಾರೆ ಓಡುತ್ತಾಳೆ.
ಚೀಸಿನ ಅಂಗಡಿಯವನು ಮಾತ್ರ ಇನ್ನೂ ಬಗ್ಗಿಲ್ಲ,
ಉಪ್ಪುನೀರು ಸೋರುತ್ತೆ ಎಂದು ಚೀಲದ ಮೇಲೆ ಚೀಲ.
ಅತ್ತೆಗೂ ಅವನಿಗೂ ಗುರುವಾರ ಗುರುವಾರ ಯುದ್ಧ.
ಕಳೆದ ವಾರ ಅವನೇ ಗೆದ್ದ.

ಮೊಳೆಯ ಮೇಲೆ ಚೀಲ ಮತ್ತೆ ತೂಗುತ್ತಿದೆ.
ತೊಳೆದು ತೊಳೆದು ಹಡಗು ಪೂರ್ತಿ ಅಳಿಸಿಹೋಗಿದೆ.
ಹೊಗೆ ಮಾತ್ರ ಇದೆ,
ಎತ್ತಲೋ ಹೊರಟ ಹಾಗೆ.