ಹಿತ್ತಾಳೆ ಬಾಗಿಲು

ಬಸರಾಳು ರಸ್ತೆಯ ವೇಬ್ರಿಡ್ಜಿನಲ್ಲಿ ನನ್ನದು ರಾತ್ರಿ ಪಾಳಿ.
ಕಬ್ಬಿನ ಟ್ರ್ಯಾಕ್ಟರು ಏರಬೇಕು, ನಿಲ್ಲಬೇಕು,
ನಾನು ಗುಂಡಿ ಒತ್ತಬೇಕು, ಚೀಟಿ ಹರಿದು ಕೊಡಬೇಕು.
ಒಂದು ಲೋಡಿಗೂ ಇನ್ನೊಂದಕ್ಕೂ ನಡುವೆ
ಇಪ್ಪತ್ತು ನಿಮಿಷ, ಒಮ್ಮೊಮ್ಮೆ ಗಂಟೆ.
ಆ ಹೊತ್ತಿನಲ್ಲಿ ನಾನೊಂದು ದ್ವೀಪದಲ್ಲಿರುತ್ತೇನೆ.

ಅಲ್ಲಿ ಜನರಿಲ್ಲ. ಇದ್ದು ಹೋದವರ ಗುರುತಿದೆ:
ಅರ್ಧ ಕುಡಿದ ಲೋಟ, ಮಗುಚಿದ ದೋಣಿ,
ನಡುಸಾಲಿನಲ್ಲೇ ನಿಂತುಹೋದ ದಿನಚರಿ.
ನನ್ನ ಚೀಲದಲ್ಲಿ
ಒಂದು ಕೊಕ್ಕೆ, ಮುಕ್ಕಾದ ನಾಣ್ಯ, ಒದ್ದೆ ಬೆಂಕಿಪೊಟ್ಟಣ,
ಯಾಕೆ ಎತ್ತಿಕೊಂಡೆನೋ ಗೊತ್ತಿಲ್ಲದ ಗರಿ.

ಮೊದಲ ವಾರದ ಸುಖ ಹೇಳುತ್ತೇನೆ ಕೇಳಿ.
ಏನೂ ತೋಚದೆ ಕೊಕ್ಕೆಯನ್ನು ಬಾವಿಗೆ ಇಳಿಬಿಟ್ಟೆ.
ಏನೋ ಸಿಕ್ಕಿಕೊಂಡಿತು. ಎಳೆದೆ.
ಬೀಗದ ಕೈ!
ಎದ್ದು ಹೋಗಿ ದೀಪದ ಕಂಬದ ಹುಳಗಳಿಗೆಲ್ಲ
ತೋರಿಸಬೇಕು ಅನ್ನಿಸಿತು.
ಎಸ್ಸೆಲ್ಸಿ ಪಾಸಾದ ದಿನವೂ ಎದೆ ಹೀಗೆ ಹಾರಿರಲಿಲ್ಲ.
ಗಣಿತದಲ್ಲಿ ಮೂವತ್ತೈದೇ ಬಂದಿತ್ತು, ಅದು ಬೇರೆ ಮಾತು.

ಆಮೇಲೆ ಬಂತು ಹಿತ್ತಾಳೆ ಬಾಗಿಲು.
ಅದರ ಮೇಲೆ ನಾಲ್ಕು ಹಕ್ಕಿ.
ಒತ್ತಿದರೆ ಒಳಹೋಗಿ ಮತ್ತೆ ಹೊರಬರುತ್ತವೆ.
ಏಳು ಸಲ ಒತ್ತಿದ ಮೇಲೆ
ಬಾಗಿಲು ಅಡ್ಡಡ್ಡ ತಲೆಯಾಡಿಸುತ್ತದೆ, ಅಷ್ಟೆ.

ಲೆಕ್ಕ ಹಾಕಿದೆ:
ಹದಿನಾರು ಸಾವಿರದ ಮುನ್ನೂರ ಎಂಬತ್ತನಾಲ್ಕು ಬಗೆ.
ಕಿಲೋ ಆಗಿದ್ದರೆ ಒಂದು ತುಂಬಿದ ಟ್ರ್ಯಾಕ್ಟರು.

ಪರದೆಗೆ ಸ್ಕೇಲಿಟ್ಟು ಕೊಕ್ಕುಗಳನ್ನು ಅಳೆದೆ.
ಬಾಗಿಲಿಗೆ ಗರಿ ಸವರಿದೆ, ಸಂದಿಗೆ ನಾಣ್ಯ ತುರುಕಿದೆ,
ಒದ್ದೆ ಕಡ್ಡಿ ಗೀರಿದೆ.
ಪ್ರತಿ ಸಲವೂ ಅದೇ ಒಂದು ಸಾಲು: ಇದರಿಂದ ಪ್ರಯೋಜನವಿಲ್ಲ.
ಮನೆಯಲ್ಲಿ ನಾಗರತ್ನಳೂ ಇದನ್ನೇ ಹೇಳುತ್ತಾಳೆ,
ಆದರೆ ಅವಳು ದನಿಯನ್ನಾದರೂ ಬದಲಿಸುತ್ತಾಳೆ.
ಒಂದು ಚೀಟಿಯ ಬೆನ್ನಿಗೆ ನಾಲ್ಕು ಹಕ್ಕಿ ಗೀಚಿ ಹಾಗೇ ಕೊಟ್ಟುಬಿಟ್ಟಿದ್ದೆ.
ಫ್ಯಾಕ್ಟರಿ ಗೇಟಿನಲ್ಲಿ ಕೇಳಿದರಂತೆ,
ಇದು ಯಾವ ತಳಿಯ ಕಬ್ಬು ಅಂತ.

ಫೋನಿನಲ್ಲಿ ಹುಡುಕಿದರೆ ಎರಡೇ ನಿಮಿಷದ ಉತ್ತರ. ಗೊತ್ತು.
ಅರ್ಧ ಟೈಪಿಸಿ ಅಳಿಸಿದ್ದೇನೆ, ಎರಡು ಸಲ.
ಪಕ್ಕದವರ ಎಲೆಗೆ ಕೈಹಾಕಿದ ಹಾಗೆ ಅನ್ನಿಸಿ.

ಹೀಗೆ ಒಂಬತ್ತು ರಾತ್ರಿ.

ಹತ್ತನೆಯ ರಾತ್ರಿ ಜವರಾಯಿ ಬಂದ, ಹುಲಿವಾನದ ಲೋಡು.
ಚೀಟಿಗೆ ಕೈಚಾಚುವಾಗ ಅವನ ಮೊಣಕೈ ತಗುಲಿ
ಇಯರ್‌ಫೋನಿನ ಪಿನ್ನು ಕಿತ್ತುಬಂತು.
(ಕಿವಿಗೆ ಹಾಕಿದರೆ ಹಾರನ್ನು ಕೇಳದು,
ಹೊರಗೆ ಬಿಟ್ಟರೆ ಪಕ್ಕದ ಕೋಣೆಯ ಮಾಲೀಕರು ಏಳುತ್ತಾರೆ,
ಅದಕ್ಕೆ ಸದ್ದನ್ನೆಲ್ಲ ಆ ತಂತಿಗೆ ಕಟ್ಟಿ
ಮೇಜಿನ ಕೆಳಗೆ ನೇತುಬಿಟ್ಟಿದ್ದೆ.)

ಕೋಣೆಯ ತುಂಬ ಹಕ್ಕಿ.

‘ಇದೇನ್ ಸಾ ಕೂಗ್ತಾ ಅದೆ? ತಡೀರಿ ತಡೀರಿ.
ದಪ್ಪ ಗಂಟ್ಲು. ಸಣ್ ಗಂಟ್ಲು, ಸಣ್ ಗಂಟ್ಲು.
ಅಗೋ, ಕೆಮ್ಮುದಂಗ್ ಕೂಗ್ತಲ್ಲ, ಅದು.
ಮತ್ತೆ ದಪ್ಪುದ್ದು...’
ಅವನು ಬೆರಳು ಮಡಿಚಿದ, ನಾನು ಒತ್ತಿದೆ.
ಯಾವ ಹಕ್ಕಿಯದು ಯಾವ ಗಂಟಲೋ
ಒತ್ತಿದಾಗ ಅವೇ ಹೇಳಿದವು, ಪಾಪ, ಮೊದಲಿಂದಲೂ ಹೇಳುತ್ತಿದ್ದವು.
ಏಳನೆಯದು.

ಕಟಕ್.

ಖುಷಿಯಾಯಿತೆ? ಆಯಿತು.
ಹೊಟ್ಟೆ ಉರಿಯಿತೆ? ಅದೂ.
ಬೀಗವೂ ನಾನೇ ಹಾಕಿಕೊಂಡು
ಬಾಗಿಲನ್ನು ಬೈದೆನಲ್ಲ ಇಷ್ಟು ದಿನ.

ಬಾಗಿಲಾಚೆ ಕೆಳಗಿಳಿಯುವ ಮೆಟ್ಟಿಲು. ಕಗ್ಗತ್ತಲು.
ಹಿಂದೆ ಐದು ಟ್ರ್ಯಾಕ್ಟರು ಸಾಲುಗಟ್ಟಿ ಹಾರನ್ನು ಒತ್ತುತ್ತಿವೆ,
ಮಾಲೀಕರ ಕೋಣೆಯಲ್ಲಿ ದೀಪ ಹತ್ತಿತು,
ಜವರಾಯಿ ಮಾತ್ರ ಪರದೆ ಬಿಟ್ಟು ಅಲ್ಲಾಡಲೊಲ್ಲ.
ನನ್ನ ಚೀಲವನ್ನೆಲ್ಲ ನೋಡಿದ, ಒಂದೊಂದಾಗಿ.
ಕೊನೆಗೆ ಹೋಗುತ್ತ, ಬಾಗಿಲಲ್ಲಿ ನಿಂತು,
‘ಆ ಬೆಂಕಿಪೊಟ್ಣವ ಬಿಸ್ಲಿಗಿಡಿ ಸಾ’ ಅಂದ.

ಆ ದ್ವೀಪದಲ್ಲಿ ಬಿಸಿಲು ಎಲ್ಲಿ ಬೀಳುತ್ತದೆಂದು
ನಾನಿನ್ನೂ ನೋಡಿಲ್ಲ.