ಬೇಲಿಗೂಟದ ಬಿಲ್ಲು

ಇದು ಮೊದಲು ಬೇಲಿಯ ಗೂಟ.
ಮೂವತ್ತು ವರ್ಷ ತಾತನ ಹೊಲದ ಮೂಲೆಯಲ್ಲಿ ನಿಂತು
ಮುಳ್ಳುತಂತಿ ಹಿಡಿದುಕೊಂಡಿತ್ತು.
ಗೆದ್ದಲು ಮೂಸಿ ನೋಡಿ ಬಿಟ್ಟುಹೋದ ಮರ,
ನಮ್ಮ ಕಡೆ ಬೋಡಾರ್ಕ್ ಅನ್ನುತ್ತಾರೆ.
ಹೊಲ ಪಾಲಾಗಿ, ಪಾಲು ಚೂರಾಗಿ, ಬೇಲಿ ಕಿತ್ತ ದಿನ
ಅಪ್ಪ ಇದೊಂದನ್ನು ಹೆಗಲ ಮೇಲೆ ಹೊತ್ತು ತಂದ.
ಮರದ ಒಂದೇ ಉಂಗುರ ಹಿಡಿದು, ಎಳೆ ಎಲ್ಲೂ ತುಂಡಾಗದಂತೆ
ಎರಡು ಚಳಿಗಾಲ ಹೆರೆದ.
ಒಳಗೆ ಮೊಟ್ಟೆಯ ಭಂಡಾರದ ಹಳದಿ;
ಬಿಸಿಲು ಕುಡಿದು ಕುಡಿದು ಈಗ ಕಾಕಂಬಿ ಬಣ್ಣ.

ಫೆಬ್ರವರಿ. ಪೂರ್ವ ಟೆಕ್ಸಾಸ್, ನೇಚಿಸ್ ಹೊಳೆಯ ತಗ್ಗು.
ಪ್ಲೈವುಡ್ ಗಿರಣಿಯ ರಾತ್ರಿಪಾಳಿ ಮುಗಿಸಿ
ನಾಲ್ಕು ತಾಸು ನಿದ್ದೆ ಕದ್ದು ಬಂದಿದ್ದೇನೆ,
ತಲೆಗೂದಲಲ್ಲಿ ಇನ್ನೂ ಅಂಟಿನ ವಾಸನೆ.
ಸರ್ಕಾರಿ ಕಾಡಿನ ಬಾಯಲ್ಲಿ ತಗಡಿನ ಪೆಟ್ಟಿಗೆ,
ದಾರಕ್ಕೆ ಕಟ್ಟಿದ ಮೋಟು ಪೆನ್ಸಿಲ್.
ಹೆಸರು: ಲವೇಡಾ ಪ್ರುಯಿಟ್. ಆಯುಧ: ಬಿಲ್ಲು.
ಹೊಡೆದದ್ದು:
ಖಾಲಿ ಬಿಟ್ಟೆ.
ಯಾರಪ್ಪನ ಗಂಟೂ ಅಲ್ಲದ ನೆಲ ಇದು, ಬೇಲಿಯಿಲ್ಲ.
ಬೇಲಿಯ ಗೂಟ ನನ್ನ ಕೈಯಲ್ಲಿದೆ.

ನೆಲವೆಲ್ಲ ಉತ್ತು ಹಾಕಿದೆ, ನೇಗಿಲಿಲ್ಲದ ಉಳುಮೆ,
ಬಿತ್ತುವವರು ಬರುವುದಿಲ್ಲ.
ಪೈನ್ ಕಾಂಡಕ್ಕೆ ಹಸಿ ಕೆಸರು, ನನ್ನ ಮಂಡಿಯ ಎತ್ತರಕ್ಕೆ;
ಮುಂದಿನದಕ್ಕೆ ತೊಡೆಯವರೆಗೆ, ಒಂದು ಬಿರುಗೂದಲೂ ಅಂಟಿದೆ.
ಬಗ್ಗಿ ಮೂಸಿದೆ: ಹುಳಿ, ಓಕ್ ಕಾಯಿ, ಉಚ್ಚೆ.
ಯಾವಾಗಲೋ ಹಡಗಿನಲ್ಲಿ ಬಂದವರು ಬಿಟ್ಟುಹೋದ
ಸಾಕುಹಂದಿಯ ಸಂತಾನವಂತೆ.
ಅರಣ್ಯದವರು ಬೈಯುತ್ತಾರೆ, ಜೋಳದವರು ಬೈಯುತ್ತಾರೆ.
ನನಗೆ ಬಾಯಿ ಬರುವುದಿಲ್ಲ.
ನಮ್ಮ ಮುತ್ತಾತನೂ ಹಡಗು ಇಳಿದವನೇ,
ಸಿಕ್ಕಿದ್ದನ್ನೆಲ್ಲ ಅಗೆದವನೇ.

ಹದಿನೈದು ಹೆಜ್ಜೆ.
ಅದಕ್ಕಿಂತ ದೂರಕ್ಕೆ ಅಪ್ಪ ಬಾಣ ಬಿಡಗೊಡುತ್ತಿರಲಿಲ್ಲ.
ಇದಕ್ಕೆ ಗಾಲಿಯಿಲ್ಲ, ಗುರಿಮಣಿಯಿಲ್ಲ.
ಮಕ್ಕಳ ಪೌಡರ್ ಡಬ್ಬಿ ಒತ್ತಿ ನೋಡಿದೆ:
ಬಿಳಿ ಹೊಗೆ ನನ್ನ ಮುಖಕ್ಕೇ ಬಂತು. ಸರಿ.
ಪೊದೆಯಾಚೆ ಗುರುಗುರು, ಸಣ್ಣ ಜಗಳ,
ಕಾಯಿ ಒಡೆಯುವ ಹಲ್ಲು.
ಅವು ಅಗಿಯುವಾಗ ನಾನು ನಡೆಯುತ್ತೇನೆ,
ಅವು ನಿಲ್ಲಿಸಿದರೆ ನಾನೂ ಮರ.
ಒಂದು ಕಾಲು ಗಾಳಿಯಲ್ಲಿ, ಸೊಂಟ ನಡುಗುತ್ತ,
ಎಷ್ಟು ಹೊತ್ತು ಕೊಕ್ಕರೆಯಾಗಿದ್ದೆನೋ.

ಕರಿಯದು ಮುಂಗಾಲು ಮುಂದಿಟ್ಟಿತು.
ಯಾವಾಗ ಸೆಳೆದೆನೋ ಗೊತ್ತಿಲ್ಲ,
ತೋರುಬೆರಳು ಬಾಯಿಯ ಮೂಲೆಗೆ ತಾಗಿದ್ದಷ್ಟೇ ನೆನಪು.
ಆಮೇಲೆ ಒಂದು ಸದ್ದು,
ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಾಗೆ.

ಅಪ್ಪನ ಲೆಕ್ಕ: ಕೂತು ಎರಡು ಸಿಗರೇಟು.
ನಾನು ಸೇದುವುದಿಲ್ಲ.
ಗಿರಣಿಯಲ್ಲಿ ಹಲಗೆ ಎಣಿಸುವಂತೆ ಉಸಿರು ಎಣಿಸಿದೆ,
ನಾನೂರಕ್ಕೆ ಎದ್ದೆ.
ತಾಳೆಗರಿಯ ಮೇಲೆ ನೊರೆನೊರೆ ನೆತ್ತರು,
ಕತ್ತಲಾಗುತ್ತ ಅದೂ ಕರಿ.
ಜಾಡು ಹೊಳೆಯಂಚಿಗೆ ಇಳಿದಲ್ಲಿ, ಅರೆ, ಬೆಳಕು!
ಎಂಟು ವರ್ಷದ ಹುಡುಗಿಯೊಬ್ಬಳು ಟಾರ್ಚ್ ಹಿಡಿದು
ನನ್ನ ಹಂದಿಯನ್ನು ಕಾಯುತ್ತಿದ್ದಳು.
ಪಕ್ಕದಲ್ಲಿ ಅವಳಪ್ಪ ಎವರಾರ್ಡೋ, ಸೊಂಟದಲ್ಲಿ ಎರಡು ಅಳಿಲು.
"ನಿಮ್ಮದು," ಅಂದ. ಮುಟ್ಟಿರಲಿಲ್ಲ.
ಟೋಪಿ ತೆಗೆದಿದ್ದ,
ನನಗೋ ಹಂದಿಗೋ ಕೇಳಲಿಲ್ಲ.

ಕೋಳಿ ಕಾರ್ಖಾನೆಯ ಕೈ ಅದು.
ಕೀಲು ಹುಡುಕುವುದೇ ಇಲ್ಲ, ಚಾಕು ತಾನೇ ದಾರಿ ಬಲ್ಲದು.
ನಾನು ಕಾಲು ಹಿಡಿದುಕೊಂಡೆ, ಅವನು ಕಳಚುತ್ತ ಹೋದ.
ಹುಡುಗಿ ಬಿಲ್ಲನ್ನು ಮೇಲಿಂದ ಕೆಳಗೆ ಸವರಿ ನೋಡಿ,
"ಇದರಲ್ಲಿ ಗುಂಡು ಎಲ್ಲಿ ಹಾಕ್ತಾರೆ?"
ಅಂದಳು.
ಎರಡು ತೊಡೆ ನನಗೆ, ಎರಡು ಭುಜ ಅವರಿಗೆ,
ಈಲಿ ಅವನ ತಾಯಿಗೆ.
ಬೆನ್ನಿನ ಮಾಂಸಕ್ಕೆ ಇಬ್ಬರೂ ನಾಚಿದೆವು;
ಕೊನೆಗೆ ಹುಡುಗಿಯ ಚೀಲಕ್ಕೆ ಹೋಯಿತು.
ಬಾಣದ ಅರ್ಧ ಸಿಕ್ಕಿತು, ಗರಿಯ ಕಡೆಯದು.
ಅದನ್ನೂ ಅವಳೇ ಕೇಳಿದಳು.

ಪೆಟ್ಟಿಗೆಯ ಹತ್ತಿರ ಪೆನ್ಸಿಲ್ ಮುರಿದಿತ್ತು,
ಉಗುರಲ್ಲೇ ಕೆರೆದೆ: ಒಂದು.
ಗಾಡಿಯ ಬಳಿ ಹೆದೆ ಇಳಿಸಿದೆ.
ಬಿಲ್ಲು ಪೂರ್ತಿ ಹಿಂದಕ್ಕೆ ಬರಲಿಲ್ಲ,
ಎರಡು ಬೆರಳಷ್ಟು ಬಾಗಿಯೇ ಉಳಿಯಿತು.
ಯಾವಾಗಲೂ ಹೀಗೆಯೇ. ಮಲಗಿಸಿಟ್ಟರೂ
ಮತ್ತೆ ಗೂಟವಾಗಲು ಒಲ್ಲೆ ಅನ್ನುತ್ತದೆ.

ಹತ್ತಕ್ಕೆ ಪಾಳಿ.
ಉಗುರ ಸಂದಿಯದು ಇನ್ನೂ ಹೋಗಿಲ್ಲ.