ಒಂದು ಬೆರಳಿನ ಜಾಗ

ತೆತುವಾನಿನ ಹಳೇ ಪೇಟೆಯ ಬಾಗಿಲುಗಳನ್ನು
ಅಳೆದು ಬರೆಯುವ ಕೆಲಸ ಸಿಕ್ಕಿದ್ದು ಚಳಿಗಾಲದಲ್ಲಿ.
ನಗರಸಭೆಯ ಟೇಪು, ನಗರಸಭೆಯ ಏಣಿ,
ಪೆನ್ಸಿಲು ಮಾತ್ರ ನನ್ನದು.

ಲಾಳದ ಹಾಗೆ ಬಾಗಿದ ಕಮಾನು,
ಅದರ ಸುತ್ತ ಗಚ್ಚಿನಲ್ಲಿ ಕೆತ್ತಿದ ಚೌಕಟ್ಟು.
ಮೂರೇ ಪಟ್ಟಿ: ಎಡ, ಬಲ, ಮೇಲೆ.
ಕೆಳಗಿನದನ್ನು ನೆಲವೇ ನೋಡಿಕೊಳ್ಳುತ್ತದೆ.
ಕಮಾನಿನ ನೆತ್ತಿ ಮೇಲುಪಟ್ಟಿಯನ್ನು ತಾಕುವುದಿಲ್ಲ,
ನಡುವೆ ಬೆರಳಗಲ ಬರಿಯ ಗಚ್ಚು.

ವರದಿಯಲ್ಲಿ ಆ ಬರಿದಿಗೆ ಒಂದೇ ಕಲಂ.
ಚರ್ಮ ಹದಮಾಡುವವರ ಓಣಿಯಲ್ಲಿ ಹನ್ನೊಂದು ಮಿಲಿಮೀಟರು,
ತಿರುವಿನಾಚೆ ಹನ್ನೆರಡು,
ಬಾವಿಯ ಮನೆಯಲ್ಲಿ ಹದಿನಾಲ್ಕು.
ಟೇಪನ್ನೇ ಅನುಮಾನಿಸಿ ಮತ್ತೆ ಏಣಿ ಹತ್ತಿದೆ.

"ಟೇಪು ಸರಿಯಾಗಿದೆ," ಎಂದ ಕೆಳಗೆ ನಿಂತ ಬುಶ್ತಾ,
ಗಡ್ಡದಲ್ಲೆಲ್ಲ ಸುಣ್ಣ.
ಅವನ ಉಸ್ತಾದ ಹೇಳುತ್ತಿದ್ದನಂತೆ:
ತಾಕಿದರೆ ಜಗಳ, ದೂರವಾದರೆ ತಬ್ಬಲಿ,
ಒಂದು ಬೆರಳು ಬಿಡು.
ಬಿಡುತ್ತಿದ್ದ, ತನ್ನದೇ ತೋರುಬೆರಳಿಟ್ಟು,
ಲರಾಶಿನ ಮೀನಿನ ಕಾರ್ಖಾನೆಗೆ
ಎರಡು ತಿಂಗಳ ಕೂಲಿಗೆಂದು ಹೋಗುವವರೆಗೆ.
ಬೆರಳು ತೋರಿಸಿದರೆ ಹಸ್ತ ನುಂಗುವವರ ನಡುವೆ
ಡಬ್ಬಿ ಮುಚ್ಚುವ ಆ ಯಂತ್ರ ಸಭ್ಯ,
ಬೆರಳೊಂದೇ ಸಾಕೆಂದಿತು.

ಉಳಿದ ಒಂಬತ್ತು ಇದ್ದವಲ್ಲ, ಎಂದೆ.
ನನ್ನ ಪೆನ್ಸಿಲನ್ನು ಒಮ್ಮೆ ನೋಡಿದ.
"ಅವಕ್ಕೆ ಕೆಲಸ ಗೊತ್ತಿರಲಿಲ್ಲ."

ಆಗ ಶಾಮಾಗೆ ಏಳು ವರ್ಷ.
ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು
ಏಣಿ ಹತ್ತುತ್ತಿದ್ದ. "ಇಡು" ಎನ್ನುತ್ತಿದ್ದ.
ಹಸಿ ಗಚ್ಚಿನ ಮೇಲೆ ಅವಳು ಬೆರಳು ಅಡ್ಡ ಇಡುವಳು,
ಅವನು ಮೇಲೊಂದು, ಕೆಳಗೊಂದು ಗೀರೆಳೆಯುವನು.
ಅವಳಿಗೆ ಕಚಗುಳಿ.
ಹಮಾಮಿನ ಬಾಗಿಲಲ್ಲಿ ಒಂದು ಗೀರು ಸೊಟ್ಟಗಿದೆ.

ಹಾಗಾಗಿ ಓಣಿಯಿಂದ ಓಣಿಗೆ ಬೆಳೆದಿದೆ ಜಾಗ:
ಮುಂದಿನ ಹಲ್ಲು ಬಿದ್ದ ವರ್ಷ ಈ ಬಾಗಿಲು,
ಟೈಫಾಯಿಡಿನ ವರ್ಷ ಆ ಬಾಗಿಲು
(ಅಲ್ಲಿ ಕೂದಲೆಳೆಯಷ್ಟು ಕಡಿಮೆ, ಬೆರಳೂ ಸೊರಗಿತ್ತು),
ಹೆಗಲಿಗೆ ಭಾರವಾಗಿ
ಅವಳೇ ಏಣಿ ಹತ್ತಿದ ವರ್ಷ ಬಾವಿಯ ಮನೆ.
ಆಮೇಲೆ ಊರೆಲ್ಲ ಒಂದೇ ಅಳತೆ.

ಮಧ್ಯಾಹ್ನ ಶಾಮಾ ಬಂದಳು,
ಕಂಕುಳಲ್ಲಿ ರೊಟ್ಟಿ, ಸೊಂಟದಲ್ಲಿ ಉಳಿ.
ನಾನು ಕೇಳಿದ್ದಕ್ಕೆ ಏಣಿ ಹತ್ತಿ
ಮೊದಲ ಬಾಗಿಲಿನ ಆ ಸಂದಿಗೆ ಬೆರಳಿಟ್ಟಳು.
ಹಿಡಿಸಲಿಲ್ಲ. ಕಮಾನನ್ನೂ ಪಟ್ಟಿಯನ್ನೂ ತಾಕಿತು.
"ಎಷ್ಟು ಸಣ್ಣವಳನ್ನು ಎಷ್ಟು ಮೇಲೆ ಹತ್ತಿಸಿದ್ದೀಯ,"
ಎಂದು ಅಪ್ಪನನ್ನು ಬೈದಳು,
ಬೆರಳು ತೆಗೆಯದೆ.

ಕಲಂನಲ್ಲಿ ಒಂದೇ ಅಂಕಿ ಹಿಡಿಸುತ್ತಿತ್ತು.
'ಒಂದು ಬೆರಳು' ಎಂದು ಬರೆದು ಕಳಿಸಿದೆ.
ಫೈಲು ವಾಪಸು ಬಂದಿದೆ ಕೆಂಪು ಶಾಯಿಯಲ್ಲಿ:
ಯಾರದು?
ಯಾವ ವರ್ಷದ್ದು ಎಂದು ಕೇಳಿದ್ದರೆ
ಬರೆಯಬಹುದಿತ್ತು.